ಔಷಧವನ್ನು ಎಂದು ನಿಲ್ಲಿಸಬೇಕು?

ಕ್ಷಯರೋಗಿಗೆ ಔಷಧವನ್ನು ಎಂದು ಆರಂಭಿಸಬೇಕೆಂಬ ವಿಷಯದಲ್ಲಿ ವಿವಾದವಿಲ್ಲ. ರೋಗವು ಖಚಿತವಾದೊಡನೆ ಆರಂಭಿಸತಕ್ಕದ್ದು. ಎಂದು ನಿಲ್ಲಿಸಬೇಕೆಂಬುದೇ ತೊಡಕಿನ ಪ್ರಶ್ನೆ. ಔಷಧಗಳಿಗೆ ಮಣಿಯುವ ಶ್ವಾಸಕೋಶದ ಕ್ಷಯಕ್ಕೆ ನಮ್ಮ ದೇಶದಲ್ಲಿ ಇಂದು ಸಾಮಾನ್ಯವಾಗಿ ಕೊಡುವ ಚಿಕಿತ್ಸೆ 6 ತಿಂಗಳಿನದು. ಮೊದಲ 2 ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಗಳು; ಅನಂತರದ 4 ತಿಂಗಳು ಪೈರಜಿನಮೈಡನ್ನು ಬಿಟ್ಟು ಉಳಿದ ಮೂರು. ಆದರೆ ಬಹುಮಂದಿಗೆ ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ಕಡಮೆಯಾಗುತ್ತದೆ, ಊಟ ರುಚಿಸುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಹಲವರ ಕಫದಲ್ಲಿ ರೋಗಾಣುಗಳೂ ಕಾಣದಾಗುತ್ತವೆ. ‘ಕಾಯಿಲೆಯೇ ಇಲ್ಲದ ಮೇಲೆ ಇನ್ನು ಮಾತ್ರೆ ಏಕೆ?’ ಎಂದು ರೋಗಿ ಆಗ ಕೇಳಿದರೆ ಅದು ಮೂಢತನದ ಪ್ರಶ್ನೆಯಲ್ಲ. ‘ವೈದ್ಯರು ಹೇಳಿದ್ದಾರೆ, ನುಂಗು’ ಎಂಬುದು ಅದಕ್ಕೆ ಉತ್ತರವೂ ಅಲ್ಲ. ಕಾರಣಸಹಿತವಾದ ಉತ್ತರವೊಂದು ಆ ರೋಗಿಗೆ ಸಲ್ಲಬೇಕೆಂದು ನಾವು ಭಾವಿಸುತ್ತೇವೆ.

ಆ ಉತ್ತರದ ಮೊದಲ ಭಾಗ ಅಳತೆಗೆ ಸಂಬಂಧಿಸಿದ್ದು. ತರಕಾರಿ ಅಂಗಡಿಯ ತಕ್ಕಡಿಯ ಮೇಲೆ ಒಂದು ಸಾಸಿವೆ ಕಾಳನ್ನಿಟ್ಟರೆ ಮುಳ್ಳು ಅಲುಗುವುದಿಲ್ಲ. ಅಷ್ಟರಿಂದಲೇ ಸಾಸಿವೆಗೆ ತೂಕವಿಲ್ಲವೆಂದು ಯಾರಾದರೂ ಹೇಳುವರೆ? ಪ್ರತಿಯೊಂದು ಉಪಕರಣಕ್ಕೂ ಒಂದು ಮಿತಿಯುಂಟು. ಆ ಮಿತಿಗಿಂತ ಕೆಳಗಿರುವುದೆಲ್ಲವೂ ಅದಕ್ಕೆ ಸೊನ್ನೆಯೇ. ಕಫದ ಒಂದು ಮಿಲಿಲೀಟರಿನಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇದ್ದಲ್ಲದೆ ಸೂಕ್ಷ್ಮದರ್ಶಕದಲ್ಲಿ ಅವು ಕಣ್ಣಿಗೆ ಬೀಳುವುದು ಕಷ್ಟ. ಕಫವನ್ನು ಪೋಷಕದ್ರವ್ಯದಲ್ಲಿಟ್ಟು ರೋಗಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆ ಇದಕ್ಕಿಂತ ಬಹಳ ಸೂಕ್ಷ್ಮವಾದದ್ದು. 10ರಿಂದ 100 ಇದ್ದರೂ ಅದು ಪತ್ತೆಹಚ್ಚಬಲ್ಲದು. ಆದರೂ ಕಫದೊಡನೆ ಹೊರಬಾರದೆ ಶ್ವಾಸಕೋಶದ ಒಳಗೇ ಅಡಗಿ ಕುಳಿತ ರೋಗಾಣುಗಳನ್ನು ಯಾವ ಕಫ ಪರೀಕ್ಷೆ ತಾನೆ ತೋರಿಸೀತು?

ಎರಡನೆಯ ಭಾಗ ರೋಗಾಣುಗಳು ಸಾಯುವ ಬಗೆಗೆ ಸಂಬಂಧಿಸಿದ್ದು. ಭೌತವಿಜ್ಞಾನದ ಪಾಠಗಳಲ್ಲಿಯೂ ಒಂದು ‘ಕ್ಷಯ’ ಬರುತ್ತದೆಯಷ್ಟೆ! ಒಂದು ವಿಕಿರಣಪಟು ಧಾತುವಿನ ಪರಮಾಣುಗಳಿಗೆಲ್ಲ ಅಳಿಯುವ ಸಂಭವ ಒಂದೇ ಸಮನಾದದ್ದು. ಆದ್ದರಿಂದ ಅರ್ಧಾಯುವನ್ನು ಒಮ್ಮೆ ಅಳೆದರೆ ಮುಂದಿನದನ್ನೆಲ್ಲ ಲೆಕ್ಕ ಹಾಕಬಹುದು. ರೋಗಾಣುಗಳಲ್ಲಿ ಈ ಸಮಾನತೆಯಿಲ್ಲ. ಚುರುಕಾಗಿ ವೃದ್ಧಿಯಾಗುತ್ತಿರುವವು ಮೊದಲ ದಿನಗಳಲ್ಲಿಯೇ ಔಷಧಕ್ಕೆ ಬಲಿಯಾಗುತ್ತವೆ. ಬೆಳವಣಿಗೆಯನ್ನೇ ತಡೆದುಕೊಂಡು ನಿದ್ರಿಸುವಂತಿರುವ ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಮೊದಲು ಕಡಿದಾಗಿ ಇಳಿಯುವ ರೇಖೆ ಅನಂತರ ಬಾಗಿ ನಿಧಾನವಾಗಿ ಸಾಗುತ್ತದೆ. ರೋಗಿಗೆ ಹಿತವೆನಿಸುವುದು ಆ ಮೊದಲ ಇಳಿತದಿಂದ. ರೋಗ ಮರುಕಳಿಸುವುದು ಉಳಿದ ಆ ಕೆಲವುಗಳಿಂದ.

ಶ್ವಾಸಕೋಶದಲ್ಲಿ ಕ್ಷಯ ಕೊರೆದ ಒಂದು ಕುಳಿಯಲ್ಲಿ 10 ಕೋಟಿ ರೋಗಾಣುಗಳಿರಬಹುದು. ಉದಾಹರಣೆಗಾಗಿ, ಪ್ರತಿ 10,000ಕ್ಕೆ 9,999 ಸತ್ತುವೆಂದು ಇಟ್ಟುಕೊಳ್ಳೋಣ. ಉಳಿಯುವವು 10,000. ಇವು 14 ಬಾರಿ ಇಮ್ಮಡಿಸಿದರೆ ಮೊದಲಿನ ಸಂಖ್ಯೆಯನ್ನೂ ಮೀರುತ್ತವೆ. ಅನುಕೂಲ ಸ್ಥಿತಿಯಲ್ಲಿ ಕ್ಷಯದ ರೋಗಾಣು ಇಮ್ಮಡಿಸಲು ಸುಮಾರು 20 ಗಂಟೆ ಸಾಕು. ಎಂದರೆ ಒಟ್ಟು 12 ದಿನಕ್ಕಿಂತ ಕಡಮೆ. ದೇಹದಲ್ಲಿ ಈ ವೃದ್ಧಿ ಬಹಳ ನಿಧಾನವಾದರೂ ಲೆಕ್ಕದ ದಾರಿ ಅದೇ. ಋಣಶೇಷ, ಅಗ್ನಿಶೇಷ, ವ್ಯಾಧಿಶೇಷಗಳನ್ನು ಉಳಿಸಬಾರದೆಂದು ಹಿರಿಯರು ಹೇಳುವುದು ಇಲ್ಲಿ ಅಕ್ಷರಶಃ ನಿಜ.

ಹಾಗಾದರೆ 6 ತಿಂಗಳೇ ಏಕೆ? ಈ ಸಂಖ್ಯೆ ಯಾರ ಊಹೆಯೂ ಅಲ್ಲ, ಪ್ರಯೋಗದಿಂದ ಬಂದದ್ದು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಸಿದ್ಧ ಪ್ರಯೋಗ, ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣಹೊಂದಬಲ್ಲರೆಂದು ತೋರಿಸಿತು. ಆಗ ಚಿಕಿತ್ಸೆ ಒಂದು ವರ್ಷದ್ದು. ರಿಫಾಂಪಿಸಿನ್ ಬಂದ ಮೇಲೆ, 1970ರ ದಶಕದ ಪ್ರಯೋಗಗಳ ಫಲವಾಗಿ, ಅವಧಿ 6 ತಿಂಗಳಿಗೆ ಇಳಿಯಿತು. ಅದನ್ನು 4 ತಿಂಗಳಿಗೆ ಇಳಿಸಹೊರಟ ಒಂದು ದೊಡ್ಡ ಪ್ರಯೋಗದ ಫಲ 2014ರಲ್ಲಿ ಪ್ರಕಟವಾಯಿತು. ಮಾಕ್ಸಿಫ್ಲಾಕ್ಸಸಿನ್ ಸೇರಿಸಿದ ಗುಂಪುಗಳಲ್ಲಿ ಕಫ ಬೇಗ ಶುದ್ಧವಾಯಿತು. ಆದರೂ 4 ತಿಂಗಳ ಚಿಕಿತ್ಸೆ ಫಲಿಸಿದ್ದು ಶೇಕಡ 80ರಿಂದ 85 ಮಂದಿಯಲ್ಲಿ, 6 ತಿಂಗಳ ವಾಡಿಕೆಯ ಚಿಕಿತ್ಸೆ ಫಲಿಸಿದ್ದು ಶೇಕಡ 92 ಮಂದಿಯಲ್ಲಿ. ನಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಐವರಲ್ಲಿ ನಾಲ್ವರಿಗೆ 4 ತಿಂಗಳು ಸಾಕಾಯಿತು, ನಿಜ. ಆದರೆ ಆ ಐದನೆಯವರು ಯಾರು? ಅದನ್ನು ಖಚಿತವಾಗಿ ಮೊದಲೇ ತಿಳಿಸುವ ಸಾಧನ ವೈದ್ಯರ ಬಳಿಯಲ್ಲಿಲ್ಲ. ಆದ್ದರಿಂದಲೇ ಎಲ್ಲರೂ ಪೂರ್ಣಾವಧಿಯನ್ನು ಮುಗಿಸಬೇಕಾಗಿದೆ.

‘ಔಷಧದ ಅವಧಿಯನ್ನು ಪೂರೈಸಲೇಬೇಕೆಂಬುದು ಹಳೆಯ ಮಾತು’ ಎಂದು ಕೆಲವರು ಆಕ್ಷೇಪಿಸಬಹುದು. 2017ರಲ್ಲಿ ಬ್ರಿಟನ್ನಿನ ಕೆಲವು ತಜ್ಞರು ಹೀಗೆ ವಾದಿಸಿದ್ದುಂಟು. ಸಾಮಾನ್ಯ ಸೋಂಕುಗಳಲ್ಲಿ ಆ ವಾದಕ್ಕೆ ತಕ್ಕ ಆಧಾರವಿದೆ. ಅದನ್ನು ಕ್ಷಯಕ್ಕೆ ಅನ್ವಯಿಸುವುದು ತಪ್ಪು. ಹತ್ತು ಲಕ್ಷ ಕ್ಷಯಾಣುಗಳಲ್ಲಿ ಒಂದು ಐಸೋನಿಯಜಿಡ್‌ಗೆ ಮಣಿಯದಂತೆ ತಾನಾಗಿಯೇ ಮಾರ್ಪಟ್ಟಿರಬಹುದು. ಹಲವು ಔಷಧಗಳನ್ನು ಕೂಡಿಸಿ ಕೊಡುವುದು ಅದಕ್ಕಾಗಿ. ಮನಬಂದಂತೆ ಬಿಟ್ಟು ಹಿಡಿದು ನುಂಗಿದರೆ ಇಂಥವೇ ಉಳಿದು ಬೆಳೆಯಬಹುದು. ಮನೆಯವರಿಗೆ ಹರಡುವುದೂ ಅವೇ ಆದೀತು.

ಹಾಗೆಂದು 6 ಎಂಬುದು ಮಂತ್ರಸಂಖ್ಯೆಯಲ್ಲ. 2021ರಲ್ಲಿ ರಿಫಾಪೆಂಟಿನ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಒಳಗೊಂಡ 4 ತಿಂಗಳ ಚಿಕಿತ್ಸೆ ವಾಡಿಕೆಯದಕ್ಕೆ ಕಡಮೆಯಿಲ್ಲವೆಂದು ಸಿದ್ಧವಾಯಿತು. ತೀವ್ರವಲ್ಲದ ಕ್ಷಯವಿರುವ ಮಕ್ಕಳಿಗೂ 4 ತಿಂಗಳು ಸಾಕೆಂದು 2022ರಲ್ಲಿ ಪ್ರಕಟವಾಯಿತು. ಮೆದುಳಿನ ಕ್ಷಯಕ್ಕಾದರೋ ಹೆಚ್ಚು ಕಾಲ ಬೇಕು. ಅಗತ್ಯವನ್ನು ಮೀರಿ ಮುಂದುವರಿಸುವುದೂ ದೋಷವೇ. ಈ ಔಷಧಗಳಲ್ಲಿ ಕೆಲವು ಯಕೃತ್ತಿಗೆ, ಎಥಾಂಬುಟಾಲ್ ಕಣ್ಣಿಗೆ, ಹಾನಿ ಮಾಡಬಲ್ಲವು. ಕಣ್ಣು ಹಳದಿಯಾದರೆ, ದೃಷ್ಟಿ ಮಸುಕಾದರೆ ರೋಗಿ ತಡಮಾಡದೆ ವೈದ್ಯರನ್ನು ಕಾಣಬೇಕು. ಆಗ ಯಾವುದನ್ನು ತಡೆದು ಯಾವುದನ್ನು ಕೊಡಬೇಕೆಂದು ನಿರ್ಧರಿಸುವವರು ಅವರು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ನಿಲ್ಲಿಸುವ ದಿನವನ್ನು ರೋಗಿಯ ಹಿತಾನುಭವ ನಿರ್ಧರಿಸಬಾರದು, ಭಯವೂ ನಿರ್ಧರಿಸಬಾರದು. ಆರಂಭದ ದಿನವೇ ಅದನ್ನು ಕಾರಣದೊಡನೆ ರೋಗಿಗೆ ತಿಳಿಸಬೇಕು. ನಿಲ್ಲಿಸಿದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಪರೀಕ್ಷೆ ನಡೆಯಬೇಕು. ಸರ್ಕಾರಕ್ಕೂ ಒಂದು ಕರ್ತವ್ಯವುಂಟು. 2023 ಮತ್ತು 2024ರಲ್ಲಿ ದೇಶದ ಹಲವೆಡೆ ಕ್ಷಯದ ಔಷಧಗಳ ಕೊರತೆಯಾಯಿತೆಂಬ ವರದಿಗಳು ಬಂದುವು. ‘ಒಂದು ದಿನವೂ ತಪ್ಪಿಸಬೇಡ’ ಎಂದು ರೋಗಿಗೆ ಹೇಳಿದ ಮೇಲೆ ಒಂದು ದಿನವೂ ತಪ್ಪದೆ ಔಷಧವನ್ನು ಒದಗಿಸಬೇಕಲ್ಲವೆ?

ಉಳಿದ ರೋಗಾಣುಗಳನ್ನು ಪ್ರತಿಯೊಬ್ಬ ರೋಗಿಯ ದೇಹದಲ್ಲಿಯೂ ಅಳೆದು ‘ಇಂದು ನಿಲ್ಲಿಸಬಹುದು’ ಎಂದು ಹೇಳಬಲ್ಲ ಸಾಧನ ಇನ್ನೂ ಬರಬೇಕಾಗಿದೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಬ್ಬರು ಆ ಕೆಲಸಕ್ಕೆ ಕೈಹಾಕಿಯಾರು. ಅಲ್ಲಿಯವರೆಗೆ, ಮನೆಯಲ್ಲಾಗಲಿ ನೆರೆಯಲ್ಲಾಗಲಿ ಯಾರಾದರೂ ಮೂರನೆಯ ತಿಂಗಳಲ್ಲಿ ಮಾತ್ರೆಯನ್ನು ಬದಿಗಿಟ್ಟರೆ, ಅವರನ್ನು ಗದರಿಸದೆ, ಪಕ್ಕದಲ್ಲಿ ಕುಳಿತು ಈ ಲೆಕ್ಕವನ್ನು ತಿಳಿಸಿಕೊಡುವ ಕೆಲಸವನ್ನಾದರೂ ಎಲ್ಲ ವಿದ್ಯಾರ್ಥಿಗಳೂ ಮಾಡಬಹುದು.