ಜಪಾನಿನ ಆ ಹಳೆಯ ಚಿತ್ರದಲ್ಲಿರುವುದು ರಾಣಿಯೇ?

ಬಿಳಿ ಮುಖ, ಪುಟ್ಟ ಬಾಯಿ, ಮುಂದಲೆಯ ಮೇಲೊಂದು ನೇರಳೆ ಬಟ್ಟೆ. ‘ಜಪಾನ್ ರಾಣಿಯ ಕೈಯಿಂದ ಬಿಡಿಸಿದ ಅಪರೂಪದ ಚಿತ್ರ’ ಎಂಬ ಒಕ್ಕಣೆಯೊಂದಿಗೆ ಇಂಥದ್ದು ನಿಮ್ಮ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಆ ಬಟ್ಟೆಯನ್ನು ಗಮನಿಸಿ. ಅದೇ ಸುಳಿವು.

1629ರಲ್ಲಿ ಜಪಾನಿನ ಆಡಳಿತ ಕಬುಕಿ ನಾಟಕದಲ್ಲಿ ಹೆಂಗಸರು ನಟಿಸುವುದನ್ನು ನಿಷೇಧಿಸಿತು. ಅವರ ಜಾಗಕ್ಕೆ ಬಂದ ಹದಿಹರೆಯದ ಹುಡುಗರಿಗೂ 1652ರಲ್ಲಿ ತಡೆ ಬಿತ್ತು. ಉಳಿದವರು ಮುಂದಲೆ ಬೋಳಿಸಿಕೊಂಡ ಗಂಡಸರು. ಸ್ತ್ರೀಪಾತ್ರ ಮಾಡುವವರು ಆ ಬೋಳು ಕಾಣದಂತೆ ಬಟ್ಟೆ ಮುಚ್ಚಿಕೊಳ್ಳುತ್ತಿದ್ದರು. ಇವರೇ ‘ಒನ್ನಗಾತ’. ಯಕ್ಷಗಾನದ ಸ್ತ್ರೀವೇಷ ಕಂಡ ನಮಗೆ ಇದೇನೂ ವಿಚಿತ್ರವಲ್ಲ ಬಿಡಿ.

ಕೈಯಿಂದ ಬಿಡಿಸಿದ್ದೇ? ಅದೂ ಅಲ್ಲ, ಮುದ್ರಿಸಿದ್ದು. ಕಲಾವಿದ ಗೆರೆ ಎಳೆದುಕೊಟ್ಟರೆ, ಇನ್ನೊಬ್ಬ ಅದನ್ನು ಚೆರ್ರಿ ಮರದ ಹಲಗೆಯಲ್ಲಿ ಕೆತ್ತುತ್ತಿದ್ದ, ಮತ್ತೊಬ್ಬ ಬಣ್ಣ ಹಚ್ಚಿ ಅಚ್ಚು ಒತ್ತುತ್ತಿದ್ದ. ಸಾಮಾನ್ಯವಾಗಿ ಬಣ್ಣಕ್ಕೊಂದು ಹಲಗೆ. ಬಂಡವಾಳ ಪ್ರಕಾಶಕನದು. ನಮ್ಮ ಸಿನಿಮಾ ನಟರ ಪೋಸ್ಟರ್‌ಗಳಂತೆ ಅಭಿಮಾನಿಗಳು ಕಡಿಮೆ ಬೆಲೆಗೆ ಕೊಳ್ಳುತ್ತಿದ್ದರು.

1794-95ರಲ್ಲಿ ಸುಮಾರು ಹತ್ತು ತಿಂಗಳಷ್ಟೇ ಕೆಲಸ ಮಾಡಿ ಮರೆಯಾದ ಶರಾಕು ಎಂಬ ಕಲಾವಿದನ ಚಿತ್ರಗಳಲ್ಲಂತೂ ಸ್ತ್ರೀವೇಷದ ಹಿಂದಿನ ಗಂಡುಮುಖ ಎದ್ದು ಕಾಣುತ್ತದೆ. ನಟರನ್ನು ಹೊಗಳದ ಈ ಚಿತ್ರಗಳು ನಮಗಂತೂ ಬಲು ಇಷ್ಟ.

‘ಅಸಲಿ’ ಎಂದು ಯಾರಾದರೂ ಮಾರಲು ಬಂದರೆ ಹುಷಾರು. ಪ್ರಸಿದ್ಧ ಚಿತ್ರಗಳನ್ನು ಹೊಸ ಹಲಗೆಗಳಲ್ಲಿ ಕೆತ್ತಿ ನಂತರವೂ ಮುದ್ರಿಸಿದ್ದಾರೆ. ಕಾಗದ ಹಳದಿಯಾಗಿದೆ ಎಂಬುದೊಂದೇ ಪುರಾವೆಯಲ್ಲ.