ಮೊಲ ಬರೆದವರದ್ದಲ್ಲ, ಬರೆಸಿದವರದ್ದು: ಓಸ್ವಾಲ್ಡ್ ಕಥೆ ಈಗೇಕೆ ಮುಖ್ಯ?

2025ರ ಜೂನ್‌ನಲ್ಲಿ ಹಾಲಿವುಡ್‌ನ ದೈತ್ಯ ಸಂಸ್ಥೆಗಳಾದ ಡಿಸ್ನಿ ಮತ್ತು ಯೂನಿವರ್ಸಲ್ ಒಟ್ಟಾಗಿ ಲಾಸ್ ಏಂಜಲೀಸ್‌ನ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದವು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಚಿತ್ರ ಬಿಡಿಸಿಕೊಡುವ ಮಿಡ್‌ಜರ್ನಿ ಕಂಪನಿಯು ಶ್ರೆಕ್, ಮಿನಿಯನ್ಸ್, ಡಾರ್ತ್ ವೇಡರ್ ಮುಂತಾದ ತಮ್ಮ ಪಾತ್ರಗಳನ್ನು ಅನುಮತಿಯಿಲ್ಲದೆ ಬಳಸುತ್ತಿದೆ ಎಂಬುದು ಅವುಗಳ ದೂರು. ಬೇರೆಯವರ ಸೃಷ್ಟಿಯನ್ನು ಕದಿಯಬಾರದು ಎಂಬ ವಾದವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಸೃಷ್ಟಿ ಯಾರದ್ದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಇದೇ ಎರಡು ಸಂಸ್ಥೆಗಳ ನಡುವೆ ಓಡಾಡಿದ ಒಂದು ಮೊಲದ ಕಥೆ ಕೇಳಬೇಕು.

ಕೈತಪ್ಪಿದ ಮೊಲ

ಮೊಲದ ಹೆಸರು ಓಸ್ವಾಲ್ಡ್. 1927ರಲ್ಲಿ ಯೂನಿವರ್ಸಲ್‌ಗೆ ಒಂದು ಕಾರ್ಟೂನ್ ಸರಣಿ ಬೇಕಿತ್ತು. ವಿತರಕ ಚಾರ್ಲ್ಸ್ ಮಿಂಟ್ಜ್ ಈ ಕೆಲಸವನ್ನು ವಾಲ್ಟ್ ಡಿಸ್ನಿಗೆ ಒಪ್ಪಿಸಿದರು. ಡಿಸ್ನಿ ಮತ್ತು ಅವರ ಗೆಳೆಯ ಅಬ್ ಐವರ್ಕ್ಸ್ ಸೇರಿ ಉದ್ದ ಕಿವಿಯ ತುಂಟ ಮೊಲವನ್ನು ರೂಪಿಸಿದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ 'ಟ್ರಾಲಿ ಟ್ರಬಲ್ಸ್' ಜನರಿಗೆ ಹಿಡಿಸಿತು. ಡಿಸ್ನಿ ಸ್ಟುಡಿಯೋ ಒಟ್ಟು 26 ಮೂಕಿ ಚಿತ್ರಗಳನ್ನು ತಯಾರಿಸಿತು.

1928ರ ಆರಂಭದಲ್ಲಿ ಡಿಸ್ನಿ ಹೆಚ್ಚಿನ ಹಣ ಕೇಳಲು ನ್ಯೂಯಾರ್ಕ್‌ಗೆ ಹೋದರು. ಮಿಂಟ್ಜ್ ಹೆಚ್ಚಿಸುವುದಿರಲಿ, ಇದ್ದುದನ್ನೇ ಕಡಿಮೆ ಮಾಡುವುದಾಗಿ ಹೇಳಿದರು. ಅಷ್ಟರಲ್ಲಾಗಲೇ ಡಿಸ್ನಿಯ ಬಹುಪಾಲು ಕಲಾವಿದರನ್ನು ಅವರು ತಮ್ಮ ಕಡೆಗೆ ಸೆಳೆದುಕೊಂಡಿದ್ದರು. ಒಪ್ಪಂದದ ಪ್ರಕಾರ ಮೊಲದ ಹಕ್ಕು ಯೂನಿವರ್ಸಲ್‌ನದ್ದಾಗಿತ್ತು. ಡಿಸ್ನಿ ಬರಿಗೈಯಲ್ಲಿ ಮರಳಿದರು. ಇಲ್ಲಿ ಕಳ್ಳತನ ನಡೆದಿರಲಿಲ್ಲ, ಎಲ್ಲವೂ ಕಾಗದಪತ್ರದಂತೆಯೇ ನಡೆದಿತ್ತು ಎಂಬುದು ಗಮನಾರ್ಹ.

ಮುಂದಿನದ್ದು ಜಗತ್ತಿಗೇ ಗೊತ್ತು. ಅದೇ ವರ್ಷ ನವೆಂಬರ್ 18ರಂದು 'ಸ್ಟೀಮ್‌ಬೋಟ್ ವಿಲ್ಲಿ' ಮೂಲಕ ಮಿಕ್ಕಿ ಮೌಸ್ ಬಂತು. ಈ ಸಲ ಹಕ್ಕನ್ನು ಡಿಸ್ನಿ ಬಿಟ್ಟುಕೊಡಲಿಲ್ಲ.

ಪಾಠ ಕಲಿತದ್ದು ಯಾರು?

ಓಸ್ವಾಲ್ಡ್ ಮಿಂಟ್ಜ್ ಕೈಯಲ್ಲೂ ಉಳಿಯಲಿಲ್ಲ. 1929ರಲ್ಲಿ ಯೂನಿವರ್ಸಲ್ ಮೊಲವನ್ನು ವಾಲ್ಟರ್ ಲ್ಯಾಂಟ್ಜ್‌ಗೆ ವಹಿಸಿತು. ಮಾತು ಬಂತು, ರೂಪ ಬದಲಾಯಿತು. 1940ರ ದಶಕದ ಕಾಮಿಕ್ಸ್ ಪುಸ್ತಕಗಳಲ್ಲಿ ತುಂಟ ಮೊಲ ಸಾಧು ಸಂಸಾರಿಯಾಯಿತು. ಆಮೇಲೆ ಜನ ಮರೆತರು.

ಮೊಲ ಮನೆಗೆ ಮರಳಿದ್ದು 2006ರಲ್ಲಿ, ಅದೂ ವಿಚಿತ್ರ ರೀತಿಯಲ್ಲಿ. ಡಿಸ್ನಿಯ ಕ್ರೀಡಾ ವಾಹಿನಿಯಲ್ಲಿದ್ದ ಹೆಸರಾಂತ ವೀಕ್ಷಕ ವಿವರಣೆಗಾರ ಅಲ್ ಮೈಕೆಲ್ಸ್ ಅವರನ್ನು ಎನ್‌ಬಿಸಿ ಯೂನಿವರ್ಸಲ್‌ಗೆ ಬಿಟ್ಟುಕೊಡುವ ವ್ಯವಹಾರದಲ್ಲಿ ಡಿಸ್ನಿಗೆ ಓಸ್ವಾಲ್ಡ್ ದಕ್ಕಿತು. 2010ರ 'ಎಪಿಕ್ ಮಿಕ್ಕಿ' ವಿಡಿಯೋ ಗೇಮ್‌ನಲ್ಲಿ ಅದು ಮರೆತುಹೋದ ಪಾತ್ರಗಳ ನಾಡಿನ ಒಡೆಯ, ಮಿಕ್ಕಿಯನ್ನು ಕಂಡು ಕರುಬುವ ಅಣ್ಣ. ಹಳೆಯ 26 ಚಿತ್ರಗಳ ಪೈಕಿ ಹಲವು ಇಂದಿಗೂ ಸಿಕ್ಕಿಲ್ಲ. 'ಎಂಪ್ಟಿ ಸಾಕ್ಸ್' ಎಂಬುದು 2014ರಲ್ಲಿ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಹಕ್ಕಿಗಾಗಿ ಇಷ್ಟು ಪೈಪೋಟಿ ನಡೆಸಿದ ಉದ್ಯಮಕ್ಕೆ ರೀಲುಗಳನ್ನು ಕಾಪಾಡಲಾಗಲಿಲ್ಲ.

ತಾನು ಪೆಟ್ಟು ತಿಂದ ಡಿಸ್ನಿ ತನ್ನ ಕಲಾವಿದರ ವಿಷಯದಲ್ಲಿ ಬೇರೆಯಾಗಿ ನಡೆದುಕೊಂಡಿತೇ? ಮಿಕ್ಕಿಯ ಮೊದಲ ಚಿತ್ರಗಳನ್ನು ಬಹುತೇಕ ಬಿಡಿಸಿದ ಐವರ್ಕ್ಸ್ 1930ರಲ್ಲಿ ಸಂಸ್ಥೆ ಬಿಟ್ಟರು, ಇಲಿ ಸಂಸ್ಥೆಯಲ್ಲೇ ಉಳಿಯಿತು. 1941ರಲ್ಲಿ ಸ್ಟುಡಿಯೋದ ಕಲಾವಿದರು ಮುಷ್ಕರ ಹೂಡಿದರು. ಸಂಬಳದ ಜೊತೆಗೆ ಪರದೆಯ ಮೇಲೆ ಹೆಸರು ಹಾಕುವ ವಿಚಾರವೂ ಆಗ ಎದ್ದಿತ್ತು. ಡಿಸ್ನಿ ಕಲಿತದ್ದು ಹಕ್ಕು ತನ್ನ ಬಳಿ ಇರಬೇಕೆಂಬ ಪಾಠವನ್ನು, ಬರೆದವರಿಗೂ ಪಾಲಿರಬೇಕೆಂಬ ಪಾಠವನ್ನಲ್ಲ.

ನಮ್ಮಲ್ಲಿ ಹೇಗೆ?

ಭಾರತದ ಕಾಯ್ದೆಯೂ ಇದಕ್ಕಿಂತ ತೀರಾ ಭಿನ್ನವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆತನ ಮಾಲೀಕರದ್ದು. ಬೇರೆ ಒಪ್ಪಂದವಿದ್ದರೆ ಮಾತ್ರ ಬದಲಾಗುತ್ತದೆ. 2012ರ ತಿದ್ದುಪಡಿ ಸಿನಿಮಾ ಗೀತರಚನಕಾರರಿಗೂ ಸಂಗೀತಗಾರರಿಗೂ ಬಿಟ್ಟುಕೊಡಲಾಗದ ರಾಯಧನದ ಹಕ್ಕು ನೀಡಿತು. ದೀರ್ಘ ಹೋರಾಟದಿಂದ ಅದು ಸಿಕ್ಕಿತು. ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿನ ಅನಿಮೇಷನ್ ಸ್ಟುಡಿಯೋಗಳಲ್ಲಿ ದಿನವಿಡೀ ಪಾತ್ರ ಬಿಡಿಸುವ ನಮ್ಮ ಹುಡುಗ ಹುಡುಗಿಯರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಸಂಸ್ಥೆಗಳದ್ದೂ ಒಂದು ವಾದವಿದೆ. ಹಣ ಹೂಡುವವರು ಅವರು, ನಷ್ಟ ಹೊರುವವರೂ ಅವರೇ. ಅದು ಸುಳ್ಳಲ್ಲ. ಆದರೆ ಮಿಡ್‌ಜರ್ನಿ ವಿರುದ್ಧದ ದಾವೆಯನ್ನು ಸ್ಟುಡಿಯೋಗಳು ಗೆದ್ದರೂ ಪರಿಹಾರದ ಹಣ ಪಾತ್ರ ಬಿಡಿಸಿದವರ ಮನೆಗೆ ತಾನಾಗಿಯೇ ಹೋಗುವುದಿಲ್ಲ. ಅದನ್ನು ನಿರ್ಧರಿಸುವುದು ಅವರು ಸಹಿ ಹಾಕಿದ ಒಪ್ಪಂದ.

ಅಮೆರಿಕದ 95 ವರ್ಷಗಳ ನಿಯಮದಂತೆ 1927ರ ಓಸ್ವಾಲ್ಡ್ ಚಿತ್ರಗಳು 2023ರ ಜನವರಿ 1ರಂದು ಅಲ್ಲಿ ಸಾರ್ವಜನಿಕ ಸ್ವತ್ತಾದವು. ಆ ಮೊದಲ ಮೊಲ ಈಗ ಎಲ್ಲರದ್ದೂ ಹೌದು. ಅದನ್ನು ಬರೆದವರು ಮಾತ್ರ ಅದು ತಮ್ಮದಾಗಿದ್ದ ಒಂದು ದಿನವನ್ನೂ ಕಾಣಲಿಲ್ಲ.