ದೇವರಿಗಿಲ್ಲದ ಮೈಲಿಗೆ ಸಂಘಕ್ಕೇಕೆ?



ಹೋದ ತಿಂಗಳ ಸಭೆಯಲ್ಲಿ ಒಂದು ಠರಾವು ಬಂತು. ಹೋಟೇಲುಗಳಲ್ಲಿ ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಹೆಂಗಸರನ್ನೂ ಸಂಘದ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು, ಅವರ ಪಗಾರವೂ ಗಂಡಸರ ಪಗಾರಕ್ಕೆ ಸಮನಾಗಬೇಕೆಂದು ಬೇಡಿಕೆ ಪತ್ರದಲ್ಲಿ ಬರೆಯಬೇಕು ಎಂದು. ತಂದವನು ನಾನೇ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಇದು ಜಯಮಾಲಾ ಶಬರಿಮಲೆಗೆ ಹೋದ ಹಾಗಾಯಿತು, ಆಮೇಲೆ ಶುದ್ಧ ಮಾಡುವವರು ಯಾರು?" ಎಂದರು. ಸಭೆ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಅನೇಕರು ವರ್ಷವರ್ಷವೂ ಮಾಲೆ ಹಾಕುವವರು. ನಾನೂ ಮೂರು ಸಲ ಇರುಮುಡಿ ಹೊತ್ತವನೇ. ಆದುದರಿಂದ ಆ ನಗುವಿಗೆ ಉತ್ತರ ಕೊಡುವ ಅಧಿಕಾರ ನನಗೂ ಇದೆ.

ಜಯಮಾಲಾ ಯಾರು? ನಮ್ಮ ಮಂಗಳೂರಿನ ಕಡೆ ಹುಟ್ಟಿದ ಹೆಣ್ಣು ಮಗಳು. 'ಪ್ರೇಮದ ಕಾಣಿಕೆ', 'ಶಂಕರ್ ಗುರು' ನೋಡಿ ಸೀಟಿ ಹೊಡೆದವರು ನಮ್ಮ ಹಿರಿಯರೇ. 1997ರಲ್ಲಿ ತಾವೇ ಹಣ ಹಾಕಿ, ತಾವೇ ನಟಿಸಿ 'ತಾಯಿ ಸಾಹೇಬ' ಚಿತ್ರ ತಂದರು. ದೇಶದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ಗಂಡಸರೇ ಕೂತಿದ್ದ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಮೊದಲು ಕೂತ ಹೆಂಗಸು ಅವರು. 2014ರಲ್ಲಿ ವಿಧಾನ ಪರಿಷತ್ತಿಗೆ ಹೋದರು, 2018ರಲ್ಲಿ ಮಂತ್ರಿಯಾದರು.

2006ರಲ್ಲಿ ಅವರು ತಾವಾಗಿಯೇ ಒಂದು ಮಾತು ಹೊರಗೆಡಹಿದರು. 1987ರಲ್ಲಿ ಶಬರಿಮಲೆಗೆ ಹೋಗಿದ್ದೆ, ಜನಜಂಗುಳಿಯಲ್ಲಿ ತಳ್ಳಿಸಿಕೊಂಡು ಒಳಗೆ ಹೋಗಿ ಅಯ್ಯಪ್ಪನ ಪಾದ ಮುಟ್ಟಿದೆ ಎಂದು. ಅಷ್ಟೇ. ಕಳ್ಳತನವಲ್ಲ, ಲೂಟಿಯಲ್ಲ. ಅದಕ್ಕೆ ಕೇರಳದ ಪೋಲೀಸರು ತನಿಖೆ ಮಾಡಿ 2010ರಲ್ಲಿ ಆರೋಪಪಟ್ಟಿ ಹಾಕಿದರು. 2012ರಲ್ಲಿ ಅಲ್ಲಿನ ಹೈಕೋರ್ಟು ಆ ಮೊಕದ್ದಮೆಯನ್ನು ವಜಾ ಮಾಡಿತು. ಮುಟ್ಟಿದ್ದಕ್ಕೂ ಬಿಡುಗಡೆಗೂ ನಡುವೆ 25 ವರ್ಷ! ಅದೇ ನೂಕುನುಗ್ಗಲಲ್ಲಿ ಎಷ್ಟು ಗಂಡಸರು ಏನೇನು ಮುಟ್ಟಿದರೋ, ಯಾವ ಪೋಲೀಸನೂ ಕೇಳಲಿಲ್ಲ. ಆಕೆ ಹೇಳಿದ್ದು ನಿಜವೋ ಸುಳ್ಳೋ ಎಂದು ಆಗ ಬಹಳ ಚರ್ಚೆ ನಡೆಯಿತು. ನನಗೆ ಆ ಚರ್ಚೆ ಬೇಡ. ನಿಜವೇ ಆಗಿದ್ದರೆ ತಪ್ಪೇನು ಎಂಬುದು ನನ್ನ ಪ್ರಶ್ನೆ.

ಸಂಪ್ರದಾಯ ಎನ್ನುತ್ತೀರಿ. 10ರಿಂದ 50 ವಯಸ್ಸಿನ ಹೆಂಗಸರು ಬರಕೂಡದೆಂದು 1991ರಲ್ಲಿ ಕೇರಳ ಹೈಕೋರ್ಟು ಹೇಳಿದ್ದು ಹೌದು. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಾಧೀಶರು ಆ ತಡೆಯನ್ನು ತೆಗೆದುಹಾಕಿದ್ದೂ ಹೌದು. "ಒಪ್ಪದೆ ಉಳಿದವರು ಒಬ್ಬ ಹೆಂಗಸೇ ಅಲ್ಲವೇ?" ಎಂದು ಒಬ್ಬ ಮಿತ್ರರು ನನ್ನನ್ನು ಕಟ್ಟಿಹಾಕಲು ನೋಡಿದರು. ನಿಜ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಭಕ್ತರಲ್ಲದವರು ಇಂಥ ದಾವೆ ತರಬಾರದು ಎಂಬುದು ಅವರ ವಾದಗಳಲ್ಲೊಂದು. ಇರಲಿ, ಆ ವಾದವನ್ನೇ ಹಿಡಿಯೋಣ. ಜಯಮಾಲಾ ಭಕ್ತೆಯಲ್ಲವೇ? ಭಕ್ತೆಯ ಮೇಲೆಯೇ ಅಲ್ಲವೇ ಆರೋಪಪಟ್ಟಿ ಹಾಕಿದ್ದು? 2019ರಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡ ಪೀಠಕ್ಕೆ ಹೋಯಿತು. ಕೋರ್ಟಿನ ಮಾತು ಕೋರ್ಟಿಗೆ ಬಿಡೋಣ.

ನಾವು ಅನ್ನ ತಿನ್ನುವ ಈ ಪುಣೆಯಲ್ಲಿ ಏನು ನಡೆಯಿತು? 1929ರಲ್ಲಿ ಇದೇ ಪರ್ವತಿ ಗುಡ್ಡದ ದೇವಸ್ಥಾನಕ್ಕೆ ನಮ್ಮನ್ನೂ ಬಿಡಿ ಎಂದು ದಲಿತರು ಸತ್ಯಾಗ್ರಹ ಹೂಡಿದರು. ನಮ್ಮ ಕನ್ನಡದವನೆಂದು ನಾವು ಹೆಮ್ಮೆಪಡುವ ಪಂಢರಪುರದ ವಿಠೋಬನ ಬಾಗಿಲು ತೆರೆಸಲು 1947ರಲ್ಲಿ ಸಾನೆ ಗುರೂಜಿ ಅನ್ನ ಬಿಟ್ಟರು. ಆಗಲೂ ಸಂಪ್ರದಾಯದ ಮಾತೇ ಅಡ್ಡ ಬಂದಿತ್ತು. ಶನಿ ಶಿಂಗಣಾಪುರದ ಕಟ್ಟೆಯನ್ನು ಹೆಂಗಸರು ಹತ್ತಿದ್ದು 2016ರ ಏಪ್ರಿಲಿನಲ್ಲಿ, ಪುಣೆಯ ತೃಪ್ತಿ ದೇಸಾಯಿಯವರ ಚಳವಳಿಯ ನಂತರ. ಶನಿದೇವರು ಎದ್ದು ಹೋದನೇ? ಇದ್ದಲ್ಲೇ ಇದ್ದಾನೆ.

ಇಷ್ಟು ಹೇಳಿ ಜಯಮಾಲಾ ಅವರಿಗೆ ಹಾರ ಹಾಕಿ ಕೂರುವವನು ನಾನಲ್ಲ. ಅವರು ಮಂತ್ರಿಯಾಗಿದ್ದುದು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಇಲಾಖೆಗೆ. ಅಂಗನವಾಡಿಯ ತಾಯಂದಿರು ಅದೇ ಇಲಾಖೆಯವರು. ಅವರಿಗೆ ಸಿಗುವುದು ಪಗಾರವಲ್ಲ, 'ಗೌರವಧನ'! ಗೌರವ ಎಂಬ ಮಾತು ಸೇರಿಸಿ ದುಡ್ಡು ಕಡಿಮೆ ಮಾಡುವ ಈ ಉಪಾಯ ನಮ್ಮ ಮಾಲಿಕರಿಗೂ ಹೊಳೆದಿರಲಿಲ್ಲ. ಅವರಿಗೂ ಗ್ರಾಚುಯಿಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಬೇಕಾಯಿತು. ಗುಡಿಯ ಬಾಗಿಲಲ್ಲಿ ಸಮಾನತೆ ಕೇಳಿದವರು ಪಗಾರದ ಪುಸ್ತಕದಲ್ಲಿಯೂ ಅದನ್ನು ತರಬೇಕಿತ್ತು. ತಂದದ್ದು ಸಾಲದು ಎಂದೇ ನನ್ನ ಅಭಿಪ್ರಾಯ.

ಆದರೆ ಮಂತ್ರಿಗಳನ್ನು ಕೇಳುವ ನಾವು ಮಾಡಿದ್ದೇನು? ಏಳನೆಯ ತರಗತಿ ಬಿಟ್ಟು ಕುಂದಾಪುರದ ಕಡೆಯಿಂದ ಬಂದು ನಾನು ಡೆಕ್ಕನ್ ಭಾಗದ ಒಂದು ಹೋಟೇಲಿನಲ್ಲಿ ಕ್ಲೀನರ್ ಆದಾಗ, ನನ್ನ ಪಕ್ಕದ ಮೋರಿಯಲ್ಲಿ ವಿಜಾಪುರದ ಕಡೆಯ ಒಬ್ಬ ಮಾವಶಿ ಪಾತ್ರೆ ತೊಳೆಯುತ್ತಿದ್ದಳು. ಬೆಳಿಗ್ಗೆ ನನಗಿಂತ ಮುಂಚೆ ಬರುವಳು, ನನ್ನಷ್ಟೇ ತೊಳೆಯುವಳು, ಹುಡುಗನಾದ ನನಗಿಂತ ಕಡಿಮೆ ಪಗಾರ ಎಣಿಸಿಕೊಂಡು ಹೋಗುವಳು. ಜ್ವರ ಬಂದಾಗ ನನಗೆ ಗಂಜಿ ಕಾಯಿಸಿ ಕೊಟ್ಟವಳೂ ಅವಳೇ. ಸೀರೆ ಬದಲಿಸಲು ಅವಳಿಗೆ ಒಂದು ಮರೆಯಿರಲಿಲ್ಲ. ಸಂಘ ಸೇರಿದ ಮೇಲೆ ಒಂದು ದಿನ ಭೇಟಿಯಾದಳು. "ತಮ್ಮಾ, ನಿಮ್ಮ ಸಂಘದಾಗ ನನ್ನ ಹೆಸರೂ ಬರ್ಕೋತೀರೇನು?" ಎಂದು ಕೇಳಿದಳು. ನೋಡೋಣ ಮಾವಶಿ ಎಂದೆ. ಆ 'ನೋಡೋಣ' ಇನ್ನೂ ಮುಗಿದಿಲ್ಲ.

ಸಮಾನ ಕೆಲಸಕ್ಕೆ ಸಮಾನ ವೇತನ ಸಂವಿಧಾನದ 39ನೆಯ ವಿಧಿಯಲ್ಲಿದೆ. 1976ರಲ್ಲಿ ಕಾನೂನೂ ಆಯಿತು. ಗಿರಣಿಯಲ್ಲಿ ನೂಲು ಸುತ್ತುವ ಖಾತೆಯ ಹೆಂಗಸರ ಕತೆ ಗಿರಣಿ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಹೆಂಗಸಿಗೆ ಕಡಿಮೆ ಕೊಟ್ಟರೆ ಸಾಕೆಂದಾದರೆ ನಾಳೆ ಮಾಲಿಕನು ನಿಮ್ಮ ಜಾಗಕ್ಕೂ ಅವಳನ್ನೇ ತರುವನು, ಆಗ ಯಾರ ಹತ್ತಿರ ಹೋಗಿ ನಗುತ್ತೀರಿ?

ಬರುವ ಭಾನುವಾರ ಠರಾವು ಮತ್ತೆ ಬರುತ್ತದೆ. ಎಂದಿನಂತೆ ರಾತ್ರಿ ಹೋಟೇಲು ಮುಚ್ಚಿದ ಮೇಲಲ್ಲ, ಮಧ್ಯಾಹ್ನ ಮೂರೂವರೆಗೆ. ರಾತ್ರಿ ಹನ್ನೊಂದಕ್ಕೆ ಹೆಂಗಸರು ಬರಲಾರರು. ಮಾವಶಿಗೆ ಹೇಳಿ ಕಳಿಸಿದ್ದೇನೆ, ಇನ್ನೂ ಆರು ಜನರನ್ನು ಕರೆತರುತ್ತಾಳಂತೆ. ಮುಂದಿನ ಸಾಲು ಅವರಿಗೆ ಬಿಡಿ.